ಗುಜರಿಗೆ ಕೊಡದ ದೊಡ್ಡಮ್ಮ

"ಎಲ್ಲಿ, ತೋರಿಸು." ನನ್ನ ದೊಡ್ಡಮ್ಮನ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ಹೊರಬೀಳುವ ಮಾತಿದು. ತರಕಾರಿಯವನು ಸೊಪ್ಪು ಇವತ್ತಿನದೇ ಎಂದರೆ, ನಲ್ಲಿ ರಿಪೇರಿಗೆ ಬಂದವನು ವಾಷರ್ ಸವೆದಿದೆ ಎಂದರೆ, ವೈದ್ಯರು ಎಕ್ಸ್‌ರೇಯಲ್ಲಿ ಬಿರುಕು ಕಾಣುತ್ತಿದೆ ಎಂದರೆ, ಕೊನೆಗೆ ಒಡಹುಟ್ಟಿದ ತಂಗಿ, ಅಂದರೆ ನನ್ನ ತಾಯಿ, ತನಗೆ ಜ್ವರ ಬಂದಿದೆ ಎಂದರೂ ಅವಳ ಉತ್ತರ ಅದೇ. ಆ ಮಾತಿನಲ್ಲಿ ವ್ಯಂಗ್ಯವಿಲ್ಲ, ಅನುಮಾನದ ಕಹಿಯೂ ಇಲ್ಲ. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಬಲಗೈಯನ್ನು ಅಂಗೈ ಮೇಲಾಗಿ ಚಾಚಿ, ಸುಮ್ಮನೆ ಕಾಯುತ್ತಾಳೆ. ಚಾಚಿದ ಆ ಅಂಗೈಯ ಮುಂದೆ ಸುಳ್ಳು ಹೇಳುವುದು ಕಷ್ಟ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವುದು ಇನ್ನೂ ಕಷ್ಟ.

ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದಾದಿಯಾಗಿ ದುಡಿದವಳು. ರೋಗಿಯ ಹೊಟ್ಟೆಯೊಳಗೆ ಹೋದ ಬಟ್ಟೆಯ ತುಂಡುಗಳೆಷ್ಟು, ಹೊರಬಂದವೆಷ್ಟು ಎಂದು ಎಣಿಸಿ ಹೇಳುವುದು ಅವಳ ಹೊಣೆಯಾಗಿತ್ತು. ಎಣಿಕೆ ತಾಳೆಯಾಗುವವರೆಗೆ ಎಂಥ ಹೆಸರುವಾಸಿ ವೈದ್ಯನಾದರೂ ಹೊಲಿಗೆಯ ಸೂಜಿ ಹಿಡಿದು ಸುಮ್ಮನೆ ನಿಂತಿರಬೇಕಿತ್ತು. ಆಸ್ಪತ್ರೆಯ ಆ ದೀರ್ಘ ಪಡಸಾಲೆಗಳೇ ಅವಳ ನಡಿಗೆಯನ್ನೂ ತಿದ್ದಿರಬೇಕು. ಓಡುವುದಿಲ್ಲ, ನಿಲ್ಲುವುದೂ ಇಲ್ಲ. ತೋಳು ಬೀಸದೆ, ತುಸು ಎಡಕ್ಕೆ ವಾಲಿಕೊಂಡು, ಎದುರಿಗೆ ಬಂದವರೇ ದಾರಿ ಬಿಡುತ್ತಾರೆಂಬ ನಿಶ್ಚಿಂತೆಯಲ್ಲಿ ಸಾಗುವ ಆ ನಡಿಗೆಗೆ ಹೆಜ್ಜೆ ಕೂಡಿಸಲು ನನಗೆ ಇಂದಿಗೂ ಏದುಸಿರು ಬರುತ್ತದೆ. ಮೈಮೇಲೆ ಸದಾ ಬೂದುಬಣ್ಣದ, ಮೊಣಕಾಲು ಮುಟ್ಟುವ ಒಂದು ಕೋಟು. ನಿವೃತ್ತಿಯ ದಿನ ಆಸ್ಪತ್ರೆಯ ಉಗ್ರಾಣದವನು ಅದನ್ನು ಹಿಂದಿರುಗಿಸಬೇಕೆಂದಾಗ, ಆ ನಿಯಮ ಎಲ್ಲಿ ಬರೆದಿದೆ ತೋರಿಸು ಎಂದಳಂತೆ. ಅವನು ಇನ್ನೂ ಹುಡುಕುತ್ತಿರಬೇಕು. ಕೋಟಿನ ನಾಲ್ಕು ಜೇಬುಗಳಲ್ಲಿ ಗಾಯದ ಪಟ್ಟಿ ಕತ್ತರಿಸುವ ಕತ್ತರಿಯೂ ಚಕ್ರದ ಗಾಳಿ ಅಳೆಯುವ ಕೊಳವೆಯೂ ಅಣ್ಣತಮ್ಮಂದಿರಂತೆ ಕೂಡಿ ಬಾಳುತ್ತಿದ್ದವು.

ನಿವೃತ್ತಿಯ ನಂತರ ಅವಳು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ ಹಿಡಿದಳು. ಅಂಥವು ಆರು ಮನೆ. ಆರೂ ಊರಿನ ಆರು ಮೂಲೆಗಳಲ್ಲಿ. ಬಸ್ಸು ನಂಬಿದರೆ ನಾಲ್ಕನೆಯ ಮನೆಗೆ ಹೋಗುವಷ್ಟರಲ್ಲಿ ಸಂಜೆ. ಹೀಗಾಗಿ ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಹದಿನಾರು ವರ್ಷ ಹಳೆಯದಾದ ಒಂದು ಕಾರನ್ನು ಕೊಂಡಳು. ಮಾರಿದವನು ನಿವೃತ್ತ ಭೂಮಾಪಕ, ಸಭ್ಯ ಮನುಷ್ಯ. ಆದರೆ ನೋಡಲು ಹೋದ ದಿನ ಅವನು ಎಂಜಿನ್ನನ್ನು ಮೊದಲೇ ಚಾಲೂ ಮಾಡಿ ಬೆಚ್ಚಗೆ ಇಟ್ಟಿದ್ದ. ದೊಡ್ಡಮ್ಮ ಮಗುವಿನ ಹಣೆ ಮುಟ್ಟಿದಂತೆ ಬಾನೆಟ್ಟನ್ನು ಮುಟ್ಟಿ ನೋಡಿ, "ಇವತ್ತು ಬೇಡ. ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲೀವರೆಗೂ ಇದನ್ನ ಯಾರೂ ಮುಟ್ಟಬೇಡಿ" ಎಂದು ಹೇಳಿ ಬಂದುಬಿಟ್ಟಳು. ಮರುದಿನ ತಣ್ಣಗಿದ್ದ ಎಂಜಿನ್ನು ಮೂರನೆಯ ಯತ್ನಕ್ಕೆ ಕೆಮ್ಮುತ್ತ ಎದ್ದಿತು. ಆ ಕೆಮ್ಮಿಗೆ ತಕ್ಕಂತೆ ಬೆಲೆಯೂ ಇಳಿಯಿತು. ಹಳೇ ಕಾರು ಕೊಳ್ಳುವುದೆಂದರೆ ಇನ್ನೊಬ್ಬರ ತಲೆನೋವನ್ನು ದುಡ್ಡು ಕೊಟ್ಟು ಮನೆಗೆ ತರುವುದು ಎಂದು ನನ್ನ ತಾಯಿ ಗೊಣಗಿದಳು.

ತಾಯಿಯ ಮಾತು ಪೂರಾ ಸುಳ್ಳೂ ಆಗಲಿಲ್ಲ. ಮೊದಲ ವರ್ಷದಲ್ಲೇ ರೇಡಿಯೇಟರು ಕಣ್ಣೀರಿನಂತೆ ಸೋರತೊಡಗಿತು. ಬ್ಯಾಟರಿ ಬದಲಿಸಿದ ತಿಂಗಳಲ್ಲೇ ಹೊಸ ಬ್ಯಾಟರಿಯೂ ಸತ್ತಿತು. ದೋಷ ಬ್ಯಾಟರಿಯದಲ್ಲ, ಅದಕ್ಕೆ ವಿದ್ಯುತ್ತು ಉಣಿಸಬೇಕಾದ ಆಲ್ಟರ್ನೇಟರಿನದು ಎಂದು ತಿಳಿಯುವ ಹೊತ್ತಿಗೆ ಒಂದು ತಿಂಗಳ ಪಿಂಚಣಿ ಕೈಬಿಟ್ಟಿತ್ತು. ಎರಡನೆಯ ವರ್ಷ ಏರು ಹತ್ತುವಾಗ ಎಂಜಿನ್ನು ಅರಚುತ್ತಿತ್ತು, ಕಾರು ಮಾತ್ರ ತೆವಳುತ್ತಿತ್ತು. ಕ್ಲಚ್ಚು ಸವೆದು ಹೋಗಿತ್ತು. ಹಳ್ಳ ಬಂದಾಗಲೆಲ್ಲ ಮುಂದಿನ ಚಕ್ರಗಳ ಬಳಿ ಯಾರೋ ಬಾಗಿಲು ಬಡಿದಂತೆ ಸದ್ದು. ಅಲ್ಲಿನ ರಬ್ಬರಿನ ಬುಶ್ಶುಗಳು ಬಿಸ್ಕತ್ತಿನಂತೆ ಪುಡಿಯಾಗಿದ್ದವು. ಪ್ರತಿ ದುರಸ್ತಿಯ ಕೊನೆಗೂ ಅವಳ ಒಂದೇ ಷರತ್ತು: ಬಿಚ್ಚಿ ತೆಗೆದ ಹಳೆಯ ಭಾಗವನ್ನು ತನ್ನ ಕೈಗೆ ಕೊಡಬೇಕು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಎಲ್ಲಿ ಸವೆದಿದೆ, ಏಕೆ ಸವೆದಿದೆ ಎಂದು ಅರ್ಥವಾಗುವ ತನಕ ತಿರುಗಿಸಿ ತಿರುಗಿಸಿ ನೋಡುವಳು. ಒಮ್ಮೆ ನಾನು, ನೀನು ಕಾರನ್ನೂ ರೋಗಿಯಂತೆಯೇ ನೋಡ್ತೀಯ ಎಂದು ಹೊಗಳಲು ಹೋಗಿ ಬೈಸಿಕೊಂಡೆ. "ಕವಿಯ ಹಾಗೆ ಮಾತಾಡಬೇಡ. ರೋಗಿ ರೋಗಿ, ಕಾರು ಕಾರು. ರೋಗಿಗೆ ಬಿಡಿಭಾಗ ಅಂಗಡೀಲಿ ಸಿಗಲ್ಲ."

ಈ ಷರತ್ತಿಗೆ ಒಪ್ಪಿದ ಮೆಕ್ಯಾನಿಕ್ಕು ಊರಿಗೆಲ್ಲ ಒಬ್ಬರೇ. ಬೀದಿಯವರು ಅವರನ್ನು ಕಿವುಡ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅದರಿಂದ ಅವರಿಗೆ ಬೇಸರವಿರಲಿಲ್ಲ, ಏಕೆಂದರೆ ಅದು ನಿಜವಾಗಿತ್ತು. ನಲವತ್ತು ವರ್ಷ ಎಂಜಿನ್ನುಗಳ ನಡುವೆ ಬದುಕಿ ಕಿವಿ ಕಳೆದುಕೊಂಡಿದ್ದ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಕಣ್ಣು ಮುಚ್ಚಿ ಒಳಗಿನ ಸದ್ದನ್ನು ದವಡೆಯಿಂದ ಕೇಳುತ್ತಿದ್ದರು. ಅವರಿಬ್ಬರ ಸ್ನೇಹದಲ್ಲಿ ಮಾತು ಕಡಿಮೆ. ಅವಳು ತುಟಿ ಕಾಣುವಂತೆ ನಿಧಾನವಾಗಿ ಕೇಳುವಳು. ಅವರು ಬೆರಳಿಟ್ಟು ತೋರಿಸುವರು.

ಕಾರಿಗೆ ಇಪ್ಪತ್ತು ತುಂಬಿದ ವರ್ಷ, ಕಿವುಡ ಮೇಸ್ತ್ರಿ ಮಗಳ ಮನೆಗೆಂದು ಊರು ಬಿಟ್ಟು ಹೋಗಿದ್ದ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಹೆದ್ದಾರಿಯ ಅಂಚಿನಲ್ಲಿ ಬಾನೆಟ್ಟಿನಿಂದ ಬಿಳಿಯ ಹಬೆ ಎದ್ದಿತು. ಎದುರಿಗೇ ಗಾಜಿನ ಗೋಡೆಗಳ ದೊಡ್ಡ ಕಾರ್ಯಾಗಾರ. ಬೇರೆ ದಾರಿ ಕಾಣದೆ ಕಾರನ್ನು ಅಲ್ಲಿಗೆ ತಳ್ಳಿಸಿದಳು; ಫೋನು ಮಾಡಿ ನನ್ನನ್ನೂ ಕರೆಸಿದಳು. ಅಲ್ಲಿ ನೆಲ ಆಸ್ಪತ್ರೆಗಿಂತ ಸ್ವಚ್ಛ. ಗ್ರಾಹಕರಿಗೆ ಮೆತ್ತನೆಯ ಕುರ್ಚಿ, ಚಹಾ ಮಾಡಿಕೊಳ್ಳಲು ವಿದ್ಯುತ್ ಕೆಟಲು, ದುರಸ್ತಿ ನಡೆಯುವ ಜಾಗಕ್ಕೆ ಯಾರೂ ದಾಟಬಾರದೆಂದು ಹಳದಿ ಗೆರೆ. ಎರಡು ಗಂಟೆಯ ನಂತರ ಟೈ ಕಟ್ಟಿದ ಸಲಹೆಗಾರನೊಬ್ಬ ಬಂದು, ಎಂಜಿನ್ನಿನೊಳಗೆ ನೀರನ್ನೂ ಆಯಿಲನ್ನೂ ಬೇರೆಯಾಗಿಡುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಆಯಿಲಿನೊಳಗೆ ಸೇರಿದೆ, ಎಂಜಿನ್ನು ಪೂರ್ತಿ ಬಿಚ್ಚಬೇಕು, ತಗಲುವ ಹಣದಲ್ಲಿ ಇಂಥ ಎರಡು ಕಾರು ಬರುತ್ತವೆ ಎಂದು ಬಹಳ ವಿನಯದಿಂದ ತಿಳಿಸಿದ. ಹಳೆಯದನ್ನು ತಮಗೇ ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಳೆಯುವುದಾಗಿಯೂ ಹೇಳಿದ.

ದೊಡ್ಡಮ್ಮ ಯಾವಾಗಲೂ ಕೇಳುವುದನ್ನೇ ಕೇಳಿದಳು: ಎಲ್ಲಿ, ತೋರಿಸು. ಗ್ರಾಹಕರು ಗೆರೆ ದಾಟುವಂತಿಲ್ಲ ಎಂದ. ಅವಳು ದಾಟಿದಳು. ತನ್ನ ಕಾರಿನ ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಜೇಬಿನಲ್ಲಿದ್ದ ಗಾಯಕ್ಕೆ ಕಟ್ಟುವ ಬಿಳಿಯ ಬಟ್ಟೆಗೆ ಒರೆಸಿ, ಅವನ ಮುಖದೆದುರು ಹಿಡಿದಳು. ನೀರು ಬೆರೆತ ಆಯಿಲು ಹಾಲು ಹಾಕಿದ ಚಹಾದಂತೆ ಬೆಳ್ಳಗೆ ನೊರೆಗಟ್ಟುತ್ತದೆ. ಬಟ್ಟೆಯ ಮೇಲಿನ ಕಲೆ ಕಪ್ಪು ಜೇನಿನಂತೆ ಇತ್ತು. "ಇದರಲ್ಲಿ ನೀರು ಎಲ್ಲಿದೆಯಪ್ಪ?" ಅವನು ಕಂಪ್ಯೂಟರು ಹಾಗೆ ಹೇಳುತ್ತಿದೆ ಎಂದ. ಕಂಪ್ಯೂಟರು ಈ ಕಡ್ಡಿಯನ್ನು ನೋಡಿತೇ ಎಂದು ಕೇಳಿದಳು. ತಪಾಸಣೆಯ ಶುಲ್ಕವನ್ನು ಒಂದು ಮಾತಿಲ್ಲದೆ ತೆತ್ತು, ಅವರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಡಿ ಎಂದು ಪಟ್ಟು ಹಿಡಿದಳು. ಕೊಟ್ಟ ಕಾಗದದ ಕೊನೆಯ ಸಾಲು ನನಗೆ ನೆನಪಿದೆ: 'ದುರಸ್ತಿ ವೆಚ್ಚ ವಾಹನದ ಮೌಲ್ಯವನ್ನು ಮೀರುತ್ತದೆ, ವಿಲೇವಾರಿ ಸೂಕ್ತ.' ಅದನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಳು. ಕಾರು ಇನ್ನೊಂದು ವಾಹನದ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತು.

ಒಂಬತ್ತು ದಿನದ ಮೇಲೆ ಬಂದ ಕಿವುಡ ಮೇಸ್ತ್ರಿ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ಒಂದು ಕೈ ಎಂಜಿನ್ನಿನ ಹತ್ತಿರ ಹಿಡಿದು, ಇನ್ನೊಂದನ್ನು ರೇಡಿಯೇಟರಿನ ಮೇಲಿಟ್ಟರು. "ಇದು ಕುದೀತಿದೆ, ಇದು ತಣ್ಣಗಿದೆ. ನೀರು ದಾಟ್ತಾ ಇಲ್ಲ ಸಿಸ್ಟರಮ್ಮ." ನಡುವೆ ಇದ್ದದ್ದು ಹೆಬ್ಬೆರಳಷ್ಟು ಉದ್ದದ ಥರ್ಮೋಸ್ಟಾಟು, ಬಿಸಿಯಾದಾಗ ತೆರೆದು ನೀರನ್ನು ಬಿಡಬೇಕಾದ ಆ ಪುಟ್ಟ ಬಾಗಿಲು ತುಕ್ಕು ಹಿಡಿದು ಮುಚ್ಚಿಕೊಂಡೇ ಇತ್ತು. ಹೊಸದರ ಬೆಲೆ ಒಂದು ಜೊತೆ ಚಪ್ಪಲಿಯಷ್ಟು. ಹಾಕಿ ಮುಗಿಸುವಷ್ಟರಲ್ಲಿ ನನ್ನ ಚಹಾ ಇನ್ನೂ ಆರಿರಲಿಲ್ಲ.

ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ದೊಡ್ಡಮ್ಮ ಇನ್ನೂ ಒಂದು ಹೊಸ ಥರ್ಮೋಸ್ಟಾಟು ಕೊಂಡು, ಹಳೆಯದನ್ನೂ ಅದನ್ನೂ ಒಂದೇ ದಾರಕ್ಕೆ ಕಟ್ಟಿ, ಮರುದಿನ ಗಾಜಿನ ಕಾರ್ಯಾಗಾರಕ್ಕೆ ಹೊರಟಳು. ನಾನು ಬೇಡವೆಂದೆ; ಆದರೂ ಜೊತೆಗೆ ಹೋದೆ. ಅವಳು ನೇರವಾಗಿ ಕೆಟಲಿನ ಬಳಿ ನಡೆದು, ಮುಚ್ಚಳ ತೆಗೆದು, ನೀರು ಕುದಿಯಲು ಬಿಟ್ಟು, ಎರಡನ್ನೂ ಅದರೊಳಗೆ ಇಳಿಬಿಟ್ಟಳು. ಸಲಹೆಗಾರ ಬಂದ, ಅವನ ಹಿಂದೆ ವ್ಯವಸ್ಥಾಪಕ ಬಂದ, ಮೆತ್ತನೆಯ ಕುರ್ಚಿಗಳಿಂದ ಏಳೆಂಟು ಗ್ರಾಹಕರು ಎದ್ದು ಬಂದರು. ಕುದಿಯುವ ನೀರಿನೊಳಗೆ ಹೊಸದು ಮೆಲ್ಲನೆ ಬಾಯಿ ತೆರೆಯಿತು. ಹಳೆಯದು ಬಿಗಿದ ತುಟಿಯನ್ನು ಬಿಚ್ಚಲೇ ಇಲ್ಲ. ಅವಳು ಒಳಜೇಬಿನ ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟು, ಧ್ವನಿ ಏರಿಸದೆ ಹೇಳಿದಳು: "ನನಗೆ ಕ್ಷಮಾಪಣೆ ಬೇಡ. ಇನ್ನೊಬ್ಬರಿಗೆ ಹೀಗೆ ಬರೆದು ಕೊಡೋ ಮುಂಚೆ ಒಂದ್ಸಲ ಬಗ್ಗಿ ನೋಡಿ, ಅಷ್ಟು ಸಾಕು."

ವ್ಯವಸ್ಥಾಪಕ ಶುಲ್ಕವನ್ನು ಹಿಂದಿರುಗಿಸಿದ; ಅವಳು ತೆಗೆದುಕೊಂಡಳು. ಸಲಹೆಗಾರನ ಕಿವಿ ಕೆಂಪಗಾಗಿದ್ದವು. ಆ ಕಾರ್ಯಾಗಾರ ಅಂದಿನಿಂದ ಸತ್ಯಸಂಧವಾಯಿತೆಂದು ನಾನು ಹೇಳಲಾರೆ. 'ಕೆಟಲು ಪಾನೀಯಕ್ಕೆ ಮಾತ್ರ' ಎಂಬ ಫಲಕವೊಂದು ಅಲ್ಲಿ ಬಂದದ್ದನ್ನಷ್ಟೇ ಆಮೇಲೆ ನೋಡಿದೆ.

ಇಲ್ಲಿಗೇ ನಿಲ್ಲಿಸಿದರೆ ಚಿತ್ರ ಚೆಂದವಾಗುತ್ತದೆ, ನಿಜವಾಗುವುದಿಲ್ಲ. ಥರ್ಮೋಸ್ಟಾಟು ಹಾಕಿದ ದಿನವೇ ಕಿವುಡ ಮೇಸ್ತ್ರಿ ಇನ್ನೊಂದು ಮಾತನ್ನೂ ಹೇಳಿದ್ದರು. ಎಂಜಿನ್ನಿನೊಳಗಿನ ಚಲನೆಗಳಿಗೆಲ್ಲ ತಾಳ ಹಿಡಿಯುವ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಿದ್ದೋ ಗೊತ್ತಿಲ್ಲ, ಈಗಲೇ ಹೊಸದು ಹಾಕಿಬಿಡೋಣ ಎಂದಿದ್ದರು. ತೋರಿಸಿ ಎಂದಳು. ಮುಚ್ಚಳ ಬಿಚ್ಚಿ ತೋರಿಸಿದರು. ಟಾರ್ಚು ಹಾಕಿ ನೋಡಿದಳು: ಬಿರುಕಿಲ್ಲ, ಎಳೆ ಬಿಟ್ಟಿಲ್ಲ. ಬೆಲ್ಟು ಹೊರಗಿನಿಂದ ಏನೂ ಹೇಳುವುದಿಲ್ಲ ಎಂದು ಅವರು ತಲೆಯಾಡಿಸಿದರು. ಚೆನ್ನಾಗಿರುವುದನ್ನು ತೆಗೆದು ಎಸೆಯುವವಳು ತಾನಲ್ಲ ಎಂದು ಅವಳು ಬಾನೆಟ್ಟು ಮುಚ್ಚಿಸಿದಳು. ಕಣ್ಣಿಗೆ ಕಂಡದ್ದನ್ನೇ ನಂಬಿ ಬದುಕಿದವಳಿಗೆ, ಕಾಣದ ಸವೆತವೂ ಒಂದಿದೆ ಎಂಬುದು ಹೊಳೆಯಲಿಲ್ಲ.

ಏಳು ತಿಂಗಳ ನಂತರ ಅದು ಹೊಳೆಯಿತು. ಊರಾಚೆ ಗುಡ್ಡದ ಮೇಲೆ ಒಬ್ಬ ಮುದುಕನಿದ್ದ. ಜೀವಮಾನವಿಡೀ ಕಲ್ಲು ಒಡೆದವನು, ಈಗ ಕಾಲಿನ ಹುಣ್ಣು ಮೂಳೆಯವರೆಗೆ ಇಳಿದು ಮಲಗಿದ್ದವನು. ಒಂದು ದಿನ ಪಟ್ಟಿ ತಪ್ಪಿದರೂ ಕಾಲೇ ಹೋದೀತೆಂದು ವೈದ್ಯರು ಎಚ್ಚರಿಸಿದ್ದರು. ಅವನ ಮನೆಯ ಏರಿನ ಅರ್ಧದಲ್ಲಿ ಕಾರು ಒಂದು ಸಣ್ಣ ಪಟ್ಟೆಂಬ ಸದ್ದಿನೊಂದಿಗೆ ತಣ್ಣಗಾಯಿತು. ಏನಾಗಿದೆ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತಂತೆ. ಬ್ರೇಕು ಹಿಡಿದು ಕಾರನ್ನು ಪಕ್ಕಕ್ಕೆ ಸರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಚೀಲ ಹೆಗಲಿಗೇರಿಸಿ, ಅರವತ್ತನಾಲ್ಕರ ಮೊಣಕಾಲುಗಳಲ್ಲಿ ಉಳಿದ ಮೂರು ಕಿಲೋಮೀಟರು ಏರು ಹತ್ತಿದಳು. ಹುಣ್ಣು ತೊಳೆದು ಪಟ್ಟಿ ಕಟ್ಟಿದ ಮೇಲಷ್ಟೇ ನನಗೆ ಫೋನು ಬಂತು.

ಕಿವುಡ ಮೇಸ್ತ್ರಿಯ ಅಂಗಳಕ್ಕೆ ಕಾರು ಬಂದಾಗ ನಾನು ಜೊತೆಗಿದ್ದೆ. ಅವಳು ಅವರೆದುರು ನಿಂತು, ತುಟಿ ಸ್ಪಷ್ಟವಾಗಿ ಕಾಣುವಂತೆ, "ನೀವು ಹೇಳಿದ್ರಿ. ನಾನು ಕೇಳಲಿಲ್ಲ. ತಪ್ಪು ನನ್ನದು" ಎಂದಳು. ಮೂವತ್ತನಾಲ್ಕು ವರ್ಷ ವೈದ್ಯರ ತಪ್ಪು ಹಿಡಿದವಳ ಬಾಯಲ್ಲಿ ಆ ವಾಕ್ಯ ಅಷ್ಟು ಸಲೀಸಾಗಿ ಬಂದದ್ದು ಕಂಡು ನಾನೇ ತಲೆ ತಗ್ಗಿಸಿದೆ. ಮೇಸ್ತ್ರಿ ಹಂಗಿಸಲಿಲ್ಲ, ಎಂಜಿನ್ನಿನ ತಲೆಭಾಗ ಬಿಚ್ಚಿದರು. ಬೆಲ್ಟು ತುಂಡಾದಾಗ ತಾಳ ತಪ್ಪಿದ ಪಿಸ್ಟನ್ನುಗಳು ವಾಲ್ವುಗಳಿಗೆ ಅಪ್ಪಳಿಸಿದ್ದವು. ಹದಿನಾರರಲ್ಲಿ ಹನ್ನೊಂದು ಬಾಗಿಹೋಗಿದ್ದವು. ಈ ಸಲದ ಖರ್ಚು, ಯಾವ ಕಂಪ್ಯೂಟರಿನ ಹಂಗಿಲ್ಲದೆ, ನಿಜವಾಗಿಯೂ ಕಾರಿನ ಬೆಲೆಯನ್ನು ಮೀರಿತ್ತು.

ಆ ಭಾನುವಾರ ಅವಳ ಮನೆಯ ಊಟದ ಮೇಜಿನ ಸುತ್ತ ನಾವೆಲ್ಲ ಸೇರಿದೆವು. ಮೂಗಿಗಿಂತ ಮೂಗುತಿ ಭಾರವಾಯಿತು ಕಣೇ ಅಕ್ಕ, ಇನ್ನಾದರೂ ಬಿಡು ಎಂದು ನನ್ನ ತಾಯಿ ಅಂಗಲಾಚಿದಳು. ಗುಜರಿಗೆ ಹಾಕಿ ಬಂದಷ್ಟು ಬರಲಿ ಎಂದು ಸೋದರಮಾವ ಲೆಕ್ಕ ಒಪ್ಪಿಸಿದ. ನಾನಂತೂ ಉದಾರಿಯಾಗಿ, ಕಂತಿನಲ್ಲಿ ಒಂದು ಹೊಸ ಕಾರನ್ನೇ ಕೊಡಿಸುತ್ತೇನೆಂದೆ. ಅವಳು ಬಾಗಿದ ಒಂದು ವಾಲ್ವನ್ನು ಬೆರಳುಗಳ ನಡುವೆ ಹೊರಳಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಬೆಲೆ ಬೆಲೆ ಅಂತೀರಲ್ಲ, ಅದು ಮಾರೋವಾಗ ಬರೋ ಬೆಲೆ. ನಾನು ಮಾರ್ತೀನಿ ಅಂತ ಯಾರಿಗಾದ್ರೂ ಹೇಳಿದೀನಾ? ನನಗೆ ಬೇಕಾದ್ದು ದಿನಾ ಆರು ಮನೆ ಮುಟ್ಟೋದು. ಇನ್ನೊಂದು ಮಾತು. ಎಂಜಿನ್ ಕೆಟ್ಟದ್ದು ಅದಕ್ಕೆ ವಯಸ್ಸಾಯ್ತು ಅಂತಲ್ಲ, ನಾನು ಹಟ ಮಾಡಿದ್ದಕ್ಕೆ. ನನ್ನ ತಪ್ಪಿಗೆ ಅದನ್ನ ಗುಜರಿಗೆ ಹಾಕ್ಲಾ?"

ಕಿಟಕಿಗಳನ್ನು ಬದಲಿಸಲೆಂದು ಅವಳು ನಾಲ್ಕು ವರ್ಷ ಕೂಡಿಸಿದ್ದ ಹಣವಿತ್ತು; ಅದು ಎಂಜಿನ್ನಿಗೆ ಹೋಯಿತು. ಗಾಳಿ ನುಗ್ಗುವ ಸಂದುಗಳಿಗೆ ಹಳೆಯ ಬಟ್ಟೆ ತುರುಕಿ ಅವಳು ಎರಡು ಚಳಿಗಾಲ ಕಳೆದಳು. ದುರಸ್ತಿ ಹಿಡಿದದ್ದು ನಲವತ್ತು ದಿನ. ಆ ನಲವತ್ತೂ ದಿನ ಬೆಳಕು ಮೂಡುವ ಮುನ್ನ ಎದ್ದು, ಎರಡು ಬಸ್ಸು ಬದಲಿಸಿ, ಉಳಿದದ್ದನ್ನು ನಡೆದು, ಆರೂ ಮನೆಗಳನ್ನು ಮುಟ್ಟಿದಳು. ಗುಡ್ಡದ ಏರಿಗೆ ಮಾತ್ರ, ನನ್ನ ಕಾರಿನಲ್ಲಿ ಕೂರಲು ಒಪ್ಪಿ, ನನ್ನ ಮಾನ ಉಳಿಸಿದಳು. ಮನೆಗಳನ್ನೆಲ್ಲ ಮುಗಿಸಿ ಬಂದ ಸಂಜೆಗಳಲ್ಲಿ ಮೇಸ್ತ್ರಿಯ ಅಂಗಳದಲ್ಲಿ ಮುಕ್ಕಾಲಿ ಹಾಕಿಕೊಂಡು, ಕೋಟಿನ ತೋಳು ಮಡಿಸಿ, ಬಿಚ್ಚಿಟ್ಟ ಭಾಗಗಳ ಮಸಿಯನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದಳು. ಅಷ್ಟು ಕೂಲಿಯಾದರೂ ಉಳಿಯಲಿ ಎಂದು. ಜೋಡಿಸುವ ದಿನ ಪ್ರತಿಯೊಂದು ಬೋಲ್ಟನ್ನೂ ಎಣಿಸಿ ಎಣಿಸಿ ಅವಳೇ ಎತ್ತಿ ಕೊಟ್ಟಳು. ಎಂಜಿನ್ನು ಎದ್ದಾಗ ಮೇಸ್ತ್ರಿ ತಮ್ಮ ಸ್ಕ್ರೂಡ್ರೈವರನ್ನು ಒರೆಸಿ ಅವಳ ಕೈಗೆ ಕೊಟ್ಟರು. ಅವಳು ಹಿಡಿಯನ್ನು ಕಚ್ಚಿ ಕಣ್ಣು ಮುಚ್ಚಿದಳು. ಕಲ್ಲು ಒಡೆಯುವವನ ಕಾಲು ಉಳಿಯಿತು. ಮುಂದಿನ ವರ್ಷ ಅವನು ಕೋಲೂರಿ ಅಂಗಳಕ್ಕೆ ಬರುವಷ್ಟಾದ.

ಈಗ ಅವಳಿಗೆ ಎಪ್ಪತ್ತೊಂದು, ಕಾರಿಗೆ ಇಪ್ಪತ್ತೆಂಟು. ಕಳೆದ ತಿಂಗಳು ಸೋದರಮಾವ ಅವಳಿಗೆ ಹೇಳದೆ ಒಬ್ಬ ಗುಜರಿ ವ್ಯಾಪಾರಿಯನ್ನು ಬಾಗಿಲಿಗೆ ಕಳಿಸಿದ್ದ. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರಕ್ಕೆ ಕಾಲಿನಿಂದ ಒದ್ದು, ಒಂದು ಬೆಲೆ ಹೇಳಿದ. ಓಡದಿದ್ದರೆ ಎಷ್ಟು ಕೊಡುತ್ತೀರಿ ಎಂದು ದೊಡ್ಡಮ್ಮ ಕೇಳಿದಳು. ಆಗಲೂ ಅಷ್ಟೇ, ನಾವು ಕೊಳ್ಳುವುದು ತೂಕದ ಮೇಲೆ ಎಂದ.

"ಹಾಗಾದ್ರೆ ಇದು ಓಡೋದಕ್ಕೆ ನಿಮ್ಮ ಹತ್ರ ಬೆಲೆನೇ ಇಲ್ಲ" ಎಂದು ಅವಳು ಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಅವನು ನೋಡುತ್ತಿದ್ದಂತೆಯೇ ಮೊದಲ ಯತ್ನಕ್ಕೆ ಚಾಲೂ ಮಾಡಿ, ಪಟ್ಟಿ ಕಟ್ಟುವ ಹೊತ್ತಾಯಿತೆಂದು ಹೊರಟುಹೋದಳು.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರೊಂದಿಗೆ ಬಾಳುವುದು ಸುಲಭವಲ್ಲ. ಸರದಿಯಲ್ಲಿ ಅವರ ಹಿಂದೆ ನಿಂತವರು ಗಡಿಯಾರ ನೋಡಿಕೊಳ್ಳುತ್ತಾರೆ, ಮನೆಯವರು ಹಣೆ ಚಚ್ಚಿಕೊಳ್ಳುತ್ತಾರೆ. ಲೋಕ ಅವರನ್ನು ಜಿಪುಣರೆನ್ನುತ್ತದೆ. ಜಿಪುಣ ಖರ್ಚಿಗೆ ಹೆದರುತ್ತಾನೆ, ಇವರು ಹೆದರುವುದಿಲ್ಲ. ಹಳೆಯದರ ಮೋಹಿಗಳೆನ್ನುತ್ತದೆ, ಮೋಹಿಯಾದವನು ವಸ್ತುವನ್ನು ಒರೆಸಿ ಕಪಾಟಿನಲ್ಲಿಡುತ್ತಾನೆ, ಇವರು ದಿನವೂ ಮೈಮುರಿಯುವಂತೆ ದುಡಿಸುತ್ತಾರೆ. ಬಗ್ಗಿ ನೋಡದವರು ಕೊಟ್ಟ ತೀರ್ಪಿಗೆ ತಲೆಬಾಗುವುದಿಲ್ಲ ಎಂಬುದೊಂದೇ ಅವರ ವ್ರತ. ಆ ವ್ರತದಲ್ಲಿ ಅವರು ಆಗಾಗ ಎಡವುತ್ತಾರೆ, ಎಡವಿದ್ದಕ್ಕೆ ತಮ್ಮ ಗಂಟಿನಿಂದಲೇ ತೆರುತ್ತಾರೆ, ತೆತ್ತು ಮರುದಿನ ಬೆಳಿಗ್ಗೆ ಮತ್ತೆ ತೋಳು ಮಡಿಸುತ್ತಾರೆ. ಸವೆದದ್ದನ್ನು ಎಸೆದು ನಾವೆಲ್ಲ ನಿರಾಳವಾಗಿ ಮುಂದೆ ನಡೆಯುವಾಗ, ಸವೆದದ್ದರಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕೇಳಲು ನಿಂತವರು ಅವರಷ್ಟೇ. ಆ ಪ್ರಶ್ನೆ ಕೇಳುವವರು ಇಲ್ಲವಾದ ದಿನ, ಗುಜರಿಯವನ ತಕ್ಕಡಿಯ ಮುಂದಿನ ಸಾಲಿನಲ್ಲಿ ನಮ್ಮ ಸರದಿಯೂ ಬಂದಿರುತ್ತದೆ.